ಹೆಸರಲ್ಲಿ ಹಕ್ಕಿ ಇದ್ದರೆ ಸಾಕಾ?

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮದೊಂದು ಚಿಕ್ಕ ಓದುಬಳಗ ಇದೆ. 11 ಜನ. ತಿಂಗಳಿಗೊಂದು ಪುಸ್ತಕ ಓದುತ್ತೇವೆ. ತಿಂಗಳ ಕೊನೆಗೆ ಒಂದು ಸಂಜೆ ಸೇರಿ ಅದರ ಬಗ್ಗೆ ಮಾತಾಡುತ್ತೇವೆ. ಕಳೆದ ವರ್ಷ ಒಂದು ಸವಾಲು ಹಾಕಿಕೊಂಡೆವು. ವರ್ಷವಿಡೀ ಹಕ್ಕಿಗಳ ಪುಸ್ತಕ ಮಾತ್ರ ಓದಬೇಕು. ಆರಿಸುವ ಕೆಲಸ ನನ್ನ ಪಾಲಿಗೆ ಬಂತು.

ನಿಯಮ ಒಂದೇ ಇತ್ತು. ಪುಸ್ತಕದ ಹೆಸರಲ್ಲಿ ಹಕ್ಕಿ ಇರಬೇಕು. ಅರ್ಧ ಗಂಟೆಯಲ್ಲಿ ಪಟ್ಟಿ ತಯಾರಾಯಿತು. ಹೆಸರಲ್ಲಿ ಹಕ್ಕಿ ಇರುವ ಪುಸ್ತಕಗಳಿಗೇನು ಬರ, ಅಲ್ವಾ?

ಮೊದಲ ತಿಂಗಳು 'ದ ಮಾಲ್ಟೀಸ್ ಫಾಲ್ಕನ್' ಓದಿದೆವು. ಡ್ಯಾಶಿಯಲ್ ಹ್ಯಾಮೆಟ್ ಬರೆದದ್ದು, 1930ರ ಪತ್ತೇದಾರಿ ಕಾದಂಬರಿ. ಹಿಡಿದರೆ ಬಿಡುವ ಹಾಗಿಲ್ಲ. ಆದರೆ ಅದರಲ್ಲಿರುವ ಫಾಲ್ಕನ್ ಒಂದು ಕರಿಯ ಗೊಂಬೆ. ಎಲ್ಲರೂ ಅದರ ಬೆನ್ನು ಹತ್ತುತ್ತಾರೆ, ಅದಕ್ಕಾಗಿ ಕೊಲೆಗಳಾಗುತ್ತವೆ. ಅದು ಹಕ್ಕಿಯ ಗೊಂಬೆ ಆಗದೆ ಕುದುರೆಯ ಗೊಂಬೆ ಆಗಿದ್ದರೂ ಕಥೆ ಹಾಗೇ ನಡೆಯುತ್ತಿತ್ತು. ಎರಡನೇ ತಿಂಗಳು ಕೆನ್ ಕೀಸಿಯ 'ಒನ್ ಫ್ಲೂ ಓವರ್ ದ ಕುಕೂಸ್ ನೆಸ್ಟ್', 1962ರದ್ದು. ಮನಸ್ಸು ಕಲಕುವ ಪುಸ್ತಕ. ಕಥೆ ನಡೆಯುವುದು ಮಾನಸಿಕ ಆಸ್ಪತ್ರೆಯಲ್ಲಿ. ಹೆಸರಿನ ಕುಕೂ ಗೂಡು ಬಂದದ್ದು ಮಕ್ಕಳ ಪ್ರಾಸವೊಂದರಿಂದ.

ಆ ಸಂಜೆ ನಮ್ಮ ಬಳಗದ ಹಿರಿಯರೊಬ್ಬರು, ನಿವೃತ್ತ ಮೇಷ್ಟ್ರು, ಪುಸ್ತಕ ಮುಚ್ಚಿಟ್ಟು ಕೇಳಿದರು. "ಎರಡು ತಿಂಗಳಾಯಿತು. ಪುಸ್ತಕ ಎರಡೂ ಚೆನ್ನಾಗಿವೆ. ಹಕ್ಕಿ ಎಲ್ಲಿ?"

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಪಟ್ಟಿಯನ್ನು ಪಕ್ಕಕ್ಕಿಟ್ಟು ಮತ್ತೆ ಮೊದಲಿಂದ ಕೂತೆ. ಈ ಸಲ ಬೇರೆ ಜರಡಿ ಹಿಡಿದೆ. ಪುಸ್ತಕದಿಂದ ಹಕ್ಕಿಯನ್ನು ತೆಗೆದುಬಿಡುವುದು. ಆಮೇಲೂ ಪುಸ್ತಕ ಅಲುಗದೆ ನಿಂತಿದ್ದರೆ ಅದು ಬೇರೆ ಯಾವಾಗಲಾದರೂ ಓದುವ ಪುಸ್ತಕ. ಕುಸಿದು ಬಿದ್ದರೆ ಅದು ನಮ್ಮದು.

ಹೀಗೆ ಸೋಸುವಾಗ ಕೆಲವು ಪುಸ್ತಕಗಳು ಜರಡಿಯ ಮೇಲೂ ಅಲ್ಲ, ಕೆಳಗೂ ಅಲ್ಲ ಅನ್ನುವ ಹಾಗೆ ಸಿಕ್ಕಿಕೊಳ್ಳುತ್ತವೆ. ಹಾರ್ಪರ್ ಲೀ ಬರೆದ, 1960ರ 'ಟು ಕಿಲ್ ಎ ಮಾಕಿಂಗ್‌ಬರ್ಡ್' ಅಂಥದ್ದು. ಅಲ್ಲಿ ಹಕ್ಕಿ ಬರುವುದು ಹೆಚ್ಚಾಗಿ ಮಾತಿನಲ್ಲಿ. ಮಕ್ಕಳ ಕೈಗೆ ಏರ್‌ಗನ್ ಬಂದಾಗ ಅಪ್ಪ ಹೇಳುತ್ತಾನೆ, ಮಾಕಿಂಗ್‌ಬರ್ಡ್ ಕೊಲ್ಲುವುದು ಪಾಪ ಅಂತ. ಯಾಕೆ ಅಂತ ಎದುರುಮನೆಯಾಕೆ ಬಿಡಿಸಿ ಹೇಳುತ್ತಾಳೆ. ಅದು ಯಾರ ತೋಟವನ್ನೂ ಕೆಡಿಸುವುದಿಲ್ಲ, ನಮಗಾಗಿ ಹಾಡುತ್ತದೆ, ಅಷ್ಟೇ. ಆ ಒಂದು ಮಾತಿನ ಮೇಲೆ ಇಡೀ ಕಾದಂಬರಿ ಕೂತಿದೆ. ನಾನು ಅದನ್ನು ಒಳಗೆ ಸೇರಿಸಿದೆ. ಬಳಗದಲ್ಲಿ ಅರ್ಧ ಜನ ಒಪ್ಪಲಿಲ್ಲ. ಆ ವಾದವೇ ಒಂದು ಸಂಜೆ ನಡೆಯಿತು. ನಾನು ಈಗಲೂ ನನ್ನ ಮಾತಿಗೆ ಅಂಟಿಕೊಂಡಿದ್ದೇನೆ.

ಈ ಜರಡಿಯಿಂದ ದೊಡ್ಡ ಲಾಭ ಬೇರೆಯೇ ಇತ್ತು. ಹೆಸರಲ್ಲಿ ಹಕ್ಕಿ ಇಲ್ಲದ ಪುಸ್ತಕಗಳು ಒಳಗೆ ಬಂದವು.

ಮೊದಲು ಬಂದದ್ದು 'ಕಾದಂಬರಿ'. ಬಾಣ 7ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದದ್ದು. ನಾಗವರ್ಮ 10ನೇ ಶತಮಾನದ ಕೊನೆಯ ಹೊತ್ತಿಗೆ ಅದನ್ನು ಕನ್ನಡಕ್ಕೆ ತಂದ. ಇವತ್ತು ನಾವು ನಾವೆಲ್‌ಗೆ ಕಾದಂಬರಿ ಅನ್ನುತ್ತೇವಲ್ಲ, ಆ ಹೆಸರು ಬಂದದ್ದೇ ಈ ಕೃತಿಯಿಂದ. ಈ ಕಥೆಯನ್ನು ಹೇಳುವುದು ಯಾರು ಗೊತ್ತಾ? ಒಂದು ಗಿಳಿ. ಶೂದ್ರಕ ರಾಜನ ಸಭೆಗೆ ಒಬ್ಬಳು ಹುಡುಗಿ ಪಂಜರ ತರುತ್ತಾಳೆ. ಒಳಗಿನ ಗಿಳಿ ಬಲಗಾಲು ಎತ್ತಿ ರಾಜನಿಗೆ ಜಯಕಾರ ಹೇಳುತ್ತದೆ. ಆಮೇಲೆ ತನ್ನ ಕಥೆ ಶುರು ಮಾಡುತ್ತದೆ.

ಆ ಭಾಗವನ್ನು ನಾವು ಗಟ್ಟಿಯಾಗಿ ಓದಿಸಿಕೊಂಡೆವು. ಒಂದು ಹಳೆಯ ಬೂರುಗದ ಮರ. ಅದರ ಪೊಟರೆಗಳ ತುಂಬ ಗಿಳಿಗಳು. ಈ ಗಿಳಿ ಹುಟ್ಟಿದಾಗಲೇ ತಾಯಿ ಸತ್ತಿದೆ. ಅಪ್ಪನಿಗೆ ವಯಸ್ಸಾಗಿದೆ, ರೆಕ್ಕೆಯ ಗರಿ ಸವೆದಿದೆ, ದೂರ ಹಾರಲಾರದು. ಬೇರೆ ಗೂಡುಗಳಿಂದ ಕೆಳಗೆ ಬಿದ್ದ ತೆನೆಯ ಕಾಳು ಆರಿಸಿ ತರುತ್ತದೆ. ಮರಿಗೆ ಕೊಟ್ಟು ಮಿಕ್ಕಿದ್ದನ್ನು ತಾನು ತಿನ್ನುತ್ತದೆ. ಒಂದು ದಿನ ಬೇಟೆಗಾರರು ಬರುತ್ತಾರೆ. ಎಲ್ಲ ಮುಂದೆ ಹೋದ ಮೇಲೂ ಒಬ್ಬ ಮುದುಕ ಹಿಂದೆ ಉಳಿದು ಮರ ಹತ್ತುತ್ತಾನೆ. ಹಣ್ಣು ಕೀಳುವ ಹಾಗೆ ಪೊಟರೆಯಿಂದ ಮರಿಗಳನ್ನು ಕಿತ್ತು ಕೆಳಗೆಸೆಯುತ್ತಾನೆ. ಅಪ್ಪ ಗಿಳಿಗೆ ಮಾಡಲು ಏನೂ ಇಲ್ಲ. ಮರಿಯನ್ನು ರೆಕ್ಕೆಯ ಕೆಳಗೆ ಎಳೆದುಕೊಂಡು ಕೂತುಬಿಡುತ್ತದೆ. ಅವನು ಅದನ್ನು ಕೊಂದು ಎಸೆದಾಗ ರೆಕ್ಕೆಯೊಳಗಿನ ಮರಿಯೂ ಜೊತೆಗೆ ಬೀಳುತ್ತದೆ. ಕೆಳಗೆ ಒಣಗಿದ ಎಲೆಗಳ ರಾಶಿ. ಮರಿ ಬದುಕುತ್ತದೆ.

ಓದುತ್ತಿದ್ದವರ ದನಿ ಅಲ್ಲಿ ಸ್ವಲ್ಪ ನಿಂತಿತು. ಯಾರೂ ಅವಸರ ಮಾಡಲಿಲ್ಲ. ಆ ಗಿಳಿಯನ್ನು ತೆಗೆದರೆ ಕಥೆ ಹೇಳಲು ಬಾಯೇ ಇಲ್ಲ, ನೋಡಿ. ಹಳಗನ್ನಡ ಕಷ್ಟ ಅನ್ನುವವರು ಹೊಸಗನ್ನಡದ ಗದ್ಯ ಹಿಡಿದರೆ ತಪ್ಪೇನಿಲ್ಲ. ಈ ಪೊಟರೆಯ ಭಾಗವನ್ನು ಮಾತ್ರ ಸುಮ್ನೆ ಕಣ್ಣಲ್ಲಿ ಓದಬೇಡಿ. ಒಬ್ಬರು ಓದಲಿ, ಉಳಿದವರು ಕೇಳಲಿ.

ಎರಡನೆಯದು ರೇಚಲ್ ಕಾರ್ಸನ್ ಅವರ 'ಸೈಲೆಂಟ್ ಸ್ಪ್ರಿಂಗ್', 1962. ಇದು ಕೀಟನಾಶಕಗಳ ಪುಸ್ತಕ, ಇದನ್ನು ಹಕ್ಕಿಗಳ ಪಟ್ಟಿಗೆ ಯಾಕೆ ಹಾಕಿದೆ ಅಂತ ಕೇಳಿದರು. ಹಕ್ಕಿಗಳು ಹಾಡದ ವಸಂತ, ಅದೇ ಹೆಸರಿನ ಅರ್ಥ. ಅದರಲ್ಲಿ ಒಂದು ಅಧ್ಯಾಯ ರಾಬಿನ್ ಹಕ್ಕಿಯದು. ಅಮೆರಿಕದ ಒಂದು ವಿಶ್ವವಿದ್ಯಾಲಯದ ಆವರಣ. ಎಲ್ಮ್ ಮರಗಳಿಗೆ ರೋಗ ಹರಡುವ ದುಂಬಿಯನ್ನು ಕೊಲ್ಲಲು ಡಿಡಿಟಿ ಸಿಂಪಡಿಸುತ್ತಾರೆ. ಎಲೆ ಉದುರುತ್ತದೆ. ಎರೆಹುಳು ಆ ಎಲೆ ತಿನ್ನುತ್ತದೆ. ವಿಷ ಹುಳುವಿನ ಮೈಯಲ್ಲಿ ಉಳಿಯುತ್ತದೆ. ಮುಂದಿನ ವಸಂತಕ್ಕೆ ರಾಬಿನ್‌ಗಳು ಬಂದು ಹುಳು ತಿನ್ನುತ್ತವೆ. ಕಾರ್ಸನ್ ಲೆಕ್ಕ ಕೊಡುತ್ತಾರೆ. 11 ದೊಡ್ಡ ಎರೆಹುಳು ಸಾಕು, ಒಂದು ರಾಬಿನ್ ಸಾಯಲು. ಒಂದು ರಾಬಿನ್ 10-12 ಹುಳುಗಳನ್ನು ಅಷ್ಟೇ ನಿಮಿಷಗಳಲ್ಲಿ ತಿಂದುಬಿಡುತ್ತದೆ. ಮರಕ್ಕೆ ಹಾಕಿದ ಔಷಧ ಎಲೆಯಿಂದ ಹುಳಕ್ಕೆ, ಹುಳದಿಂದ ಹಕ್ಕಿಗೆ ಬಂದ ದಾರಿಯನ್ನು ಅವರು ಒಂದೊಂದೇ ಹೆಜ್ಜೆ ಇಟ್ಟು ತೋರಿಸುತ್ತಾರೆ. ಅಮೆರಿಕದಲ್ಲಿ ಡಿಡಿಟಿ ಬಳಕೆಗೆ ತಡೆ ಬಿದ್ದದ್ದು 1972ರಲ್ಲಿ, ಪುಸ್ತಕ ಬಂದು 10 ವರ್ಷಕ್ಕೆ. ಹಕ್ಕಿ ಸತ್ತದ್ದು ಕಣ್ಣಿಗೆ ಕಾಣದೆ ಹೋಗಿದ್ದರೆ ಈ ಪುಸ್ತಕವನ್ನು ಅಷ್ಟು ಜನ ಓದುತ್ತಿದ್ದರು ಅಂತ ನನಗೆ ಅನ್ನಿಸುವುದಿಲ್ಲ.

ಇಲ್ಲಿ ಒಂದು ಮಾತು. ಪುಸ್ತಕ ಶುರು ಮಾಡುವ ಮೊದಲು ಆ ಹಕ್ಕಿಯ ಚಿತ್ರ ನೋಡಿ, ಕೂಗು ಕೇಳಿ. ಅಮೆರಿಕದ ರಾಬಿನ್ ಬೇರೆ, ಯುರೋಪಿನ ರಾಬಿನ್ ಬೇರೆ. ಅಮೆರಿಕದ್ದು ದೊಡ್ಡದು, ಯುರೋಪಿನದು ಅಂಗೈಯಲ್ಲಿ ಹಿಡಿಯುವಷ್ಟು. ನೈಟಿಂಗೇಲ್ ಅಂದ ಕೂಡಲೇ ನಮ್ಮ ತಲೆಯಲ್ಲಿ ಕೋಗಿಲೆ ಕೂಗುತ್ತದೆ. ಅದು ಕೋಗಿಲೆ ಅಲ್ಲವೇ ಅಲ್ಲ, ಕಂದು ಬಣ್ಣದ ಪುಟ್ಟ ಹಕ್ಕಿ. ರಾತ್ರಿಯೂ ಹಾಡುತ್ತದೆ. ತಪ್ಪು ಹಕ್ಕಿಯನ್ನು ಮನಸ್ಸಲ್ಲಿ ಇಟ್ಟುಕೊಂಡು 300 ಪುಟ ಓದಿದರೆ ಬರೆದವರಿಗೂ ಅನ್ಯಾಯ, ಹಕ್ಕಿಗೂ ಅನ್ಯಾಯ.

ಒಂದೇ ಹಕ್ಕಿಯ ಎರಡು ಪುಸ್ತಕಗಳನ್ನು ಜೋಡಿ ಮಾಡಿ ಓದುವುದು ನನಗೆ ತುಂಬ ಇಷ್ಟವಾದ ಉಪಾಯ. ಗಾಸ್‌ಹಾಕ್ ಅನ್ನುವ ಬೇಟೆಹಕ್ಕಿ ಇದೆ. ಟಿ. ಎಚ್. ವೈಟ್ ಅದನ್ನು ಪಳಗಿಸಲು ಹೋಗಿ ಸೋತ ಕಥೆಯನ್ನು 'ದ ಗಾಸ್‌ಹಾಕ್' ಅಂತ 1951ರಲ್ಲಿ ಪ್ರಕಟಿಸಿದ. ಹಕ್ಕಿ ಕೊನೆಗೆ ತಪ್ಪಿಸಿಕೊಂಡು ಹೋಯಿತು. ಹೆಲನ್ ಮ್ಯಾಕ್‌ಡೊನಾಲ್ಡ್ ಚಿಕ್ಕಂದಿನಲ್ಲೇ ಆ ಪುಸ್ತಕ ಓದಿದ್ದವರು. ಅಪ್ಪ ಇದ್ದಕ್ಕಿದ್ದಂತೆ ತೀರಿಕೊಂಡ ದುಃಖದಲ್ಲಿ ಅವರೂ ಒಂದು ಗಾಸ್‌ಹಾಕ್ ತಂದು ಸಾಕುತ್ತಾರೆ. ಆ ಹಕ್ಕಿಯ ಹೆಸರು ಮೇಬಲ್. ಆ ಅನುಭವ 2014ರಲ್ಲಿ 'ಎಚ್ ಈಸ್ ಫಾರ್ ಹಾಕ್' ಆಯಿತು. ನಮ್ಮಲ್ಲಿ 5 ಜನ ಮೊದಲನೆಯದು, 6 ಜನ ಎರಡನೆಯದು ಓದಿದೆವು. ಆ ಸಂಜೆ ನಡೆದ ಮಾತು ಎಲ್ಲಕ್ಕಿಂತ ಜಾಸ್ತಿ ಹೊತ್ತು ನಡೆಯಿತು. ಪ್ರತಿಯೊಬ್ಬರಿಗೂ ಇನ್ನೊಬ್ಬರಿಂದ ಕೇಳಿ ತಿಳಿಯುವುದು ಏನೋ ಇತ್ತು.

ಪುಸ್ತಕದ ಗಾತ್ರವನ್ನೂ ನೋಡಿಕೊಳ್ಳಬೇಕು. ಡೋನಾ ಟಾರ್ಟ್ ಅವರ 'ದ ಗೋಲ್ಡ್‌ಫಿಂಚ್' 700 ಪುಟ ಮೀರುತ್ತದೆ. ಅದಕ್ಕೆ ಎರಡು ತಿಂಗಳು ಕೊಡಿ. ಓದುವಾಗ ಆ ಕಾದಂಬರಿಗೆ ಹೆಸರು ಕೊಟ್ಟ, ಡಚ್ ಕಲಾವಿದ ಫ್ಯಾಬ್ರಿಟಿಯಸ್ 1654ರಲ್ಲಿ ಬರೆದ ಹಕ್ಕಿಯ ಪುಟ್ಟ ಚಿತ್ರವನ್ನು ಎದುರಿಗೆ ಇಟ್ಟುಕೊಳ್ಳಿ. ಹಕ್ಕಿಯ ಕಾಲಿಗೆ ಕಟ್ಟಿದ ಸರಪಳಿ ಎಷ್ಟು ತೆಳ್ಳಗಿದೆ ಅಂದರೆ, ಮೊದಲ ನೋಟಕ್ಕೆ ತಪ್ಪಿಹೋಗುತ್ತದೆ. ಅದರ ಹಿಂದೆಯೇ ಒಂದು ತೆಳು ಪುಸ್ತಕ ಇರಲಿ. ಮಕ್ಕಳು ಜೊತೆಗಿದ್ದರೆ ಧನ್ ಗೋಪಾಲ್ ಮುಖರ್ಜಿ ಅವರ 'ಗೇ-ನೆಕ್' ಇದೆ. ಒಂದು ಪಾರಿವಾಳದ ಕಥೆ, 1928ರಲ್ಲಿ ನ್ಯೂಬೆರಿ ಪದಕ ಪಡೆಯಿತು. ವಿಜ್ಞಾನ ಬೇಕು ಅನ್ನುವವರಿಗೆ ಜೊನಾಥನ್ ವೈನರ್ ಅವರ 'ದ ಬೀಕ್ ಆಫ್ ದ ಫಿಂಚ್'. 1977ರ ಬರಗಾಲದಲ್ಲಿ ಗಲಪಗೋಸ್‌ನ ಒಂದು ಪುಟ್ಟ ದ್ವೀಪದಲ್ಲಿ ಯಾವ ಹಕ್ಕಿ ಉಳಿಯಿತು, ಯಾವುದು ಸತ್ತಿತು ಅನ್ನುವುದನ್ನು ಕೊಕ್ಕಿನ ಸುಮಾರು ಅರ್ಧ ಮಿಲಿಮೀಟರ್ ದಪ್ಪ ತೀರ್ಮಾನಿಸಿತು. ಅಳತೆಗೋಲು ಹಿಡಿದು ವರ್ಷಗಟ್ಟಲೆ ಅಲ್ಲಿ ಕೂತ ವಿಜ್ಞಾನಿಗಳಾದ ಗ್ರಾಂಟ್ ದಂಪತಿಯ ತಾಳ್ಮೆಗೆ ಕೈ ಮುಗಿಯಬೇಕು.

ಹಕ್ಕಿ ಗುರುತಿಸುವ ಗೈಡ್ ಪುಸ್ತಕ ಲೆಕ್ಕಕ್ಕೆ ಬರುತ್ತಾ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಬರುತ್ತದೆ. ಸಲೀಂ ಅಲಿಯವರ 'ದ ಬುಕ್ ಆಫ್ ಇಂಡಿಯನ್ ಬರ್ಡ್ಸ್' 1941ರಲ್ಲಿ ಬಂತು. ಕನ್ನಡದಲ್ಲಿ ತೇಜಸ್ವಿಯವರ 'ಕನ್ನಡ ನಾಡಿನ ಹಕ್ಕಿಗಳು', 'ಹಕ್ಕಿ ಪುಕ್ಕ' ಇವೆ. ಇವನ್ನು ಮೊದಲಿಂದ ಕೊನೆವರೆಗೆ ಓದಬೇಕಿಲ್ಲ. 10 ಹಕ್ಕಿ ಆರಿಸಿ, ಓದಿ, ಆಮೇಲೆ ಹೊರಗೆ ಹೋಗಿ ಹುಡುಕಿ. ಸಿಕ್ಕಿದ್ದಕ್ಕೆ ಪುಟದ ಅಂಚಲ್ಲಿ ತಾರೀಕು ಬರೆಯಿರಿ. ಇದರ ಜೊತೆಗೆ ಸಲೀಂ ಅಲಿಯವರ ಆತ್ಮಕಥೆ 'ದ ಫಾಲ್ ಆಫ್ ಎ ಸ್ಪ್ಯಾರೋ' ಓದಿದರೆ ಇನ್ನೂ ಒಳ್ಳೆಯದು. ಹುಡುಗನಾಗಿದ್ದಾಗ ಏರ್‌ಗನ್ನಿನಿಂದ ಹೊಡೆದ ಗುಬ್ಬಿಯ ಕುತ್ತಿಗೆಯಲ್ಲಿ ಒಂದು ಹಳದಿ ಮಚ್ಚೆ ಕಂಡಿತು. ಇದು ಯಾವ ಹಕ್ಕಿ ಅಂತ ಕೇಳಿಕೊಂಡು ಹೋದ ಹುಡುಗ ಜೀವಮಾನವಿಡೀ ಹಕ್ಕಿಗಳ ಜೊತೆಗೇ ಉಳಿದ.

ಕವಿತೆಗೂ ಒಂದು ತಿಂಗಳು ಬಿಡಿ. ಬೇಂದ್ರೆಯವರ 'ಗರಿ' 1932ರದ್ದು. ಅದರಲ್ಲಿ ಹಾರುವ ಹಕ್ಕಿಯನ್ನು ಯಾವ ಗೈಡ್ ಪುಸ್ತಕದಲ್ಲೂ ಹುಡುಕಲಾಗುವುದಿಲ್ಲ, ಅದು ಕಾಲ. ಕುವೆಂಪು ಅವರ 'ಪಕ್ಷಿಕಾಶಿ' 1946ರದ್ದು. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು, ದಿನಕ್ಕೊಂದು ಕವಿತೆಯಂತೆ ಓದಿದೆವು.

ಕೊನೆಯ ತಿಂಗಳಿಗೆ ಉಳಿಸಿಕೊಂಡಿದ್ದು ಪರ್ಷಿಯನ್ ಕವಿ ಅತ್ತಾರ್ 12ನೇ ಶತಮಾನದಲ್ಲಿ ಬರೆದ ಹಕ್ಕಿಗಳ ಸಭೆಯ ಕಾವ್ಯ. ಹಕ್ಕಿಗಳೆಲ್ಲ ಸೇರಿ ತಮ್ಮ ರಾಜ ಸೀಮುರ್ಗ್‌ನನ್ನು ಹುಡುಕಿ ಹೊರಡಬೇಕು. ಚಂದ್ರಮುಕುಟ ಹಕ್ಕಿ ಮುಂದಾಳು. ಹೊರಡುವ ಮೊದಲು ಒಂದೊಂದೂ ಒಂದೊಂದು ನೆಪ ಹೇಳುತ್ತದೆ. ನೈಟಿಂಗೇಲ್‌ಗೆ ಗುಲಾಬಿ ಬಿಟ್ಟಿರಲು ಆಗದು. ಬಾತುಕೋಳಿಗೆ ನೀರು ಬೇಕು. ಗೂಬೆಗೆ ಪಾಳುಮನೆಯ ನಿಧಿಯ ಆಸೆ. ಗುಬ್ಬಿಗೆ ಶಕ್ತಿ ಸಾಲದು. ಏಳು ಕಣಿವೆ ದಾಟಿ ಕೊನೆಗೆ ತಲುಪುವುದು 30 ಹಕ್ಕಿ ಮಾತ್ರ. ಪರ್ಷಿಯನ್ ಭಾಷೆಯಲ್ಲಿ 'ಸೀ' ಅಂದರೆ ಮೂವತ್ತು, 'ಮುರ್ಗ್' ಅಂದರೆ ಹಕ್ಕಿ. ಹುಡುಕಿ ಬಂದ ಸೀಮುರ್ಗ್‌ನಲ್ಲಿ ಅವಕ್ಕೆ ಕಾಣುವುದು ತಮ್ಮ ಮುಖವೇ. ಆ ಸಂಜೆ ನಾವು 8 ಜನ ಇದ್ದೆವು. ಉಳಿದ ಮೂವರ ನೆಪಗಳೂ ಈ ಕಾವ್ಯದಲ್ಲಿ ಸಿಕ್ಕವು.

ಈ ವರ್ಷ ಆರಿಸುವ ಕೆಲಸವನ್ನು ಮೇಷ್ಟ್ರು ತೆಗೆದುಕೊಂಡಿದ್ದಾರೆ. ಅವರದು ಇನ್ನೂ ಬಿಗಿಯಾದ ನಿಯಮ. ವರ್ಷವಿಡೀ ಕಾಗೆ ಮತ್ತು ಅದರ ಬಂಧುಬಳಗ, ಬೇರೇನೂ ಇಲ್ಲ. ಬರ್ನ್ಡ್ ಹೈನ್‌ರಿಚ್ ರೇವನ್‌ಗಳ ಬುದ್ಧಿಯ ಬಗ್ಗೆ ಬರೆದದ್ದು ಪಟ್ಟಿಯಲ್ಲಿದೆ. ಪೋ ಕವಿಯ 'ದ ರೇವನ್' ಇದೆ. ಶುರುವಿಗೆ ಪಂಚತಂತ್ರದ ಮೂರನೇ ತಂತ್ರ. ಒಂದು ದೊಡ್ಡ ಆಲದ ಮರ, ಅದರ ತುಂಬ ಕಾಗೆಗಳು, ಅವುಗಳ ರಾಜ ಮೇಘವರ್ಣ. ಕತ್ತಲಾದ ಮೇಲೆ ಗೂಬೆಗಳು ಬರುತ್ತವೆ. ಕಾಗೆಗಳಿಗೆ ಕಣ್ಣು ಕಾಣುವುದಿಲ್ಲ. ನಿನ್ನೆ ರಾತ್ರಿ ಅಲ್ಲಿಯವರೆಗೆ ಓದಿ ಗುರುತು ಇಟ್ಟಿದ್ದೇನೆ.

ನಮಸ್ಕಾರ.