ಮೊದಲು ಬಾಡಿಗೆಯವರ ಬಾಗಿಲು ತಟ್ಟಿ

ಎಲ್ಲರಿಗೂ ನಮಸ್ಕಾರ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ರಾಜ್ಯೋತ್ಸವದ ದಿನ ಮಾತಾಡಲು ಕರೆದಿದ್ದೀರಿ. ನಾನು ನಮ್ಮ ನಡುವೆಯೇ ಇರುವ ಬಾಡಿಗೆ ಮನೆಯವರ ಬಗ್ಗೆ ಮಾತಾಡೋಣ ಅಂತ ಬಂದಿದ್ದೇನೆ. ಬೆಳಿಗ್ಗೆ ಇಲ್ಲಿ ಶಾಮಿಯಾನ ಕಟ್ಟಿದವರಲ್ಲಿ, ರಂಗೋಲಿ ಹಾಕಿದವರಲ್ಲಿ ಅವರೂ ಇದ್ದಾರೆ.

ಬೆಂಗಳೂರಲ್ಲಿ ಹದಿನೆಂಟು ವರ್ಷ ನಾನೂ ಬಾಡಿಗೆ ಮನೆಯಲ್ಲಿದ್ದೆ. ಒಂದು ಮನೆ ಬಿಟ್ಟ ಕಥೆ ಹೇಳುತ್ತೇನೆ. ನಮ್ಮದು ಮೂರನೇ ಮಹಡಿ. ನಮ್ಮಮ್ಮ ಬೆಳಿಗ್ಗೆ ಐದೂವರೆಗೇ ಚಟ್ನಿಗೆ ಮಿಕ್ಸಿ ಹಾಕುತ್ತಿದ್ದರು. ಒಂದು ದಿನ ಬೇರೆ ಊರಲ್ಲಿದ್ದ ಓನರ್ ಫೋನ್ ಮಾಡಿದರು. "ಈ ಸಲ ಅಗ್ರಿಮೆಂಟ್ ರಿನ್ಯೂ ಮಾಡಲ್ಲ, ಬೇರೆ ಮನೆ ನೋಡ್ಕೊಳ್ಳಿ" ಅಂದರು. ಕಾರಣ ಹೇಳಲಿಲ್ಲ. ಆಗ ಅಕ್ಟೋಬರ್. ಮಗಳ ಶಾಲೆ ಅರ್ಧಕ್ಕೆ ಬಂದಿತ್ತು. ಮುಂದೆ ಮಾರ್ಚ್ ತನಕ ಅವಳು ದಿನಾ ಎರಡು ಬಸ್ ಬದಲಾಯಿಸಿ ಹೋಗಬೇಕಾಯಿತು.

ಸಾಮಾನು ಲಾರಿಗೆ ಏರಿಸುವ ದಿನ ಕೆಳಗಿನ ಮನೆಯ ಆಂಟಿ ಲಿಫ್ಟ್ ಹತ್ತಿರ ಸಿಕ್ಕಿದರು. "ಅಯ್ಯೋ, ಯಾಕೆ ಖಾಲಿ ಮಾಡ್ತಿದೀರಾ?" ಅಂದರು. ಮಾತಾಡುತ್ತಾ ಗೊತ್ತಾಯಿತು, ಮಿಕ್ಸಿ ಸದ್ದಿಗೆ ನಿದ್ದೆ ಇಲ್ಲ ಅಂತ ಓನರ್‌ಗೆ ಅವರೇ ಹೇಳಿದ್ದರು. "ಸ್ವಲ್ಪ ಲೇಟಾಗಿ ಹಾಕೋಕೆ ಹೇಳಿ ಅಂದಿದ್ದೆ, ಅಷ್ಟೇ" ಅಂತ ಅವರ ಕಣ್ಣಲ್ಲೂ ನೀರು. ನಮಗೇ ಹೇಳಿದ್ದರೆ ಅಮ್ಮ ರಾತ್ರಿಯೇ ರುಬ್ಬಿ ಇಡುತ್ತಿದ್ದರು.

ಅವರು ಕೆಟ್ಟವರಲ್ಲ. ಆದರೆ ಬಾಡಿಗೆಯವರ ಮೇಲಿನ ದೂರನ್ನು ಓನರ್‌ಗೆ ಹೇಳುವುದೇ ರೂಢಿ. ಬಾಡಿಗೆ ಅಗ್ರಿಮೆಂಟ್ ಸಾಮಾನ್ಯವಾಗಿ 11 ತಿಂಗಳದ್ದು. ಒಂದು ವರ್ಷ ದಾಟಿದರೆ 1908ರ ನೋಂದಣಿ ಕಾಯಿದೆಯಂತೆ ರಿಜಿಸ್ಟರ್ ಮಾಡಿಸಬೇಕು, ಅದಕ್ಕೇ ಈ 11. ದೂರದಲ್ಲಿರುವ ಓನರ್‌ಗೆ ಜಗಳ ಬಿಡಿಸುವುದಕ್ಕಿಂತ ಬೇರೆಯವರನ್ನು ಹುಡುಕುವುದು ಸುಲಭ. ಸ್ವಂತ ಮನೆಯವರ ಮೇಲೆ ದೂರು ಬಂದರೆ ಕಮಿಟಿಯಲ್ಲಿ ಮಾತುಕತೆ ಆಗುತ್ತದೆ. ಅದೇ ದೂರು ಬಾಡಿಗೆಯವರ ಮೇಲೆ ಬಂದರೆ ಮನೆಯೇ ಹೋಗುತ್ತದೆ. ಓನರ್‌ಗೆ ಫೋನ್ ಮಾಡುವ ಮುಂಚೆ ಇದು ನಮಗೆ ನೆನಪಿರಬೇಕು.

1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯಿದೆಯ ಪ್ರಕಾರ ಬೈಲಾ, ಅಂದರೆ ಅಪಾರ್ಟ್‌ಮೆಂಟ್ ಸಂಘದ ನಿಯಮಗಳು, ಬಾಡಿಗೆಯವರಿಗೂ ಅನ್ವಯಿಸುತ್ತದೆ. ಸಂಘದ ಸದಸ್ಯತ್ವ ಮಾತ್ರ ಮಾಲೀಕರದ್ದು. ಅಂದರೆ ನಿಯಮ ಪಾಲಿಸಬೇಕು, ನಿಯಮ ಮಾಡುವಾಗ ಮತ ಹಾಕುವ ಹಾಗಿಲ್ಲ. ಇದನ್ನು 1950ರ ಜನಪ್ರಾತಿನಿಧ್ಯ ಕಾಯಿದೆಯ ಪಕ್ಕ ಇಟ್ಟು ನೋಡಿ. ಒಂದು ಕಡೆ ಸ್ವಂತ ಮನೆ ಇದೆ ಅಂದಮಾತ್ರಕ್ಕೆ ಯಾರೂ ಅಲ್ಲಿನ ನಿವಾಸಿ ಆಗುವುದಿಲ್ಲ ಅಂತ ಅದರ 20ನೇ ಸೆಕ್ಷನ್ ಹೇಳುತ್ತದೆ. ಮತದಾರರ ಪಟ್ಟಿಗೆ ಬೇಕಾದದ್ದು ಅಲ್ಲಿ ವಾಸ ಮಾಡುವುದು. ಹಾಗಾಗಿ ಈ ವಿಳಾಸದಿಂದ ಬಾಡಿಗೆಯವರು ಶಾಸಕರನ್ನು ಆರಿಸಬಹುದು. ನಮ್ಮ ನೀರಿನ ಟ್ಯಾಂಕ್ ಯಾವತ್ತು ತೊಳೆಸಬೇಕು ಅಂತ ಹೇಳಲು ಮಾತ್ರ ಆಗುವುದಿಲ್ಲ! 2023ರಲ್ಲಿ ಗೃಹಜ್ಯೋತಿ ಬಂದಾಗಲೂ 200 ಯೂನಿಟ್ ತನಕದ ಉಚಿತ ಕರೆಂಟ್ ಬಾಡಿಗೆಯವರಿಗೂ ಸಿಕ್ಕಿತು. ಆ ಮನೆಯಲ್ಲಿ ದೀಪ ಹಚ್ಚುವವರು ಯಾರು ಅಂತ ಸರ್ಕಾರ ನೋಡಿತು, ಅಲ್ವಾ?

2024ರ ಬೇಸಿಗೆ ನಿಮಗೆಲ್ಲ ನೆನಪಿದೆ. ಬೋರ್‌ವೆಲ್ ಬತ್ತಿ ಟ್ಯಾಂಕರ್‌ಗೆ ಕಾದೆವು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತು. ನಮ್ಮಲ್ಲೂ ಯಾವ ಹೊತ್ತಿಗೆ ನೀರು ಬಿಡಬೇಕು ಅಂತ ಸಭೆ ಆಯಿತು. ಸಭೆಗೆ ಕರೆದದ್ದು ಓನರ್‌ಗಳನ್ನು ಮಾತ್ರ. ಟ್ಯಾಂಕರ್ ದುಡ್ಡು ಮಾತ್ರ ಎಲ್ಲ ಮನೆಗೂ ಹಂಚಿದೆವು. ನಾಲ್ಕನೇ ಮಹಡಿಯಲ್ಲಿ ಬಾಡಿಗೆಗಿದ್ದ ನರ್ಸ್ ಒಬ್ಬರು ನೈಟ್ ಡ್ಯೂಟಿ ಮುಗಿಸಿ ಬರುವ ಹೊತ್ತಿಗೆ ದಿನಾ ನೀರು ನಿಂತಿರುತ್ತಿತ್ತು. ಆ ಸಭೆಯಲ್ಲಿ ನಾನೂ ಕೂತಿದ್ದೆ. ಅವರನ್ನು ಒಂದು ಮಾತು ಕೇಳೋಣ ಅಂತ ನನಗೂ ಹೊಳೆಯಲಿಲ್ಲ. ಆ ನೋವು ಇನ್ನೂ ಇದೆ.

"ಇವತ್ತು ಇರ್ತಾರೆ, ನಾಳೆ ಹೋಗ್ತಾರೆ, ಅವರಿಗೇನು ಕಾಳಜಿ?" ಅನ್ನುವ ಮಾತು ಜಾಸ್ತಿ ಕೇಳಿದ್ದೇನೆ. ಯಾರೂ ಮಾತಾಡಿಸದ ಜಾಗದಲ್ಲಿ ಕಾಳಜಿ ಹೇಗೆ ಹುಟ್ಟಬೇಕು? ಇನ್ನು ಒಂಟಿಯಾಗಿರುವ ಹೆಣ್ಣುಮಕ್ಕಳ ಮನೆಗೆ ಯಾರು ಬಂದರು ಅಂತ ಗೇಟಿನ ರಿಜಿಸ್ಟರ್ ತೆಗೆದು ನೋಡುವುದು, ಮಾಂಸದಡುಗೆಯ ವಾಸನೆಗೆ ಓನರ್‌ಗೆ ದೂರು ಕೊಡುವುದು. ಇದು ತಪ್ಪು. ಇಲ್ಲಿ ಎರಡು ಮಾತಿಲ್ಲ.

ಸಂಘದಲ್ಲಿ ಮತದ ಹಕ್ಕು ಕೊಡಲು ಕಾನೂನು ಬದಲಾಗಬೇಕು, ಸರಿ. ಸಭೆಗೆ ಕರೆದು ಕೂರಿಸಲು, ಅವರ ಮಾತು ಕೇಳಲು ಯಾವ ಕಾನೂನೂ ಅಡ್ಡ ಬರುವುದಿಲ್ಲ. ತೊಂದರೆ ಆದರೆ ಮೊದಲು ಅವರದೇ ಬಾಗಿಲು ತಟ್ಟಿ.

ಕೊನೆಗೆ ಒಂದು ವಿನಂತಿ. ನಮ್ಮ ಬ್ಲಾಕಿನ ಲಿಫ್ಟ್ ಪಕ್ಕ ಹೆಸರಿನ ಬೋರ್ಡ್ ಇದೆ. ವರ್ಷಗಳಿಂದ ಇಲ್ಲಿಗೆ ಬಾರದ ಓನರ್‌ಗಳ ಹೆಸರು ಅದರಲ್ಲಿದೆ. ಅವರ ಮನೆಯಲ್ಲಿ ಆರು ವರ್ಷದಿಂದ ಇರುವವರ ಹೆಸರಿಲ್ಲ. ಬರುವ ತಿಂಗಳು ಹೊಸ ಬೋರ್ಡ್ ಬರೆಸುತ್ತಾರಂತೆ. ಅದರಲ್ಲಿ ಅವರ ಹೆಸರೂ ಬರೆಸಿ. ಸರಿಯಾಗಿ ಹೇಗೆ ಬರೆಯಬೇಕು ಅಂತ ಅವರನ್ನೇ ಕೇಳಿ ಬರೆಸಿ.

ನಮಸ್ಕಾರ.