ಗೋಡೆ ಬರಹ ಓದುವ ಜನ

ಎಲ್ಲರಿಗೂ ನಮಸ್ಕಾರ. ನೇತ್ರದಾನ ಪಾಕ್ಷಿಕದ ಕಾರ್ಯಕ್ರಮಕ್ಕೆ ಕರೆದು, 'ಸಾಮಾಜಿಕ ಜಾಹೀರಾತುಗಳನ್ನು ಜನ ಯಾಕೆ ಗಮನಿಸುವುದಿಲ್ಲ' ಅಂತ ವಿಷಯ ಕೊಟ್ಟಿದ್ದೀರಿ. ಇಪ್ಪತ್ತೈದು ನಿಮಿಷ ಅಂದಿದ್ದಾರೆ. ಐದು ಅಂಶ ಬರೆದುಕೊಂಡು ಬಂದಿದ್ದೇನೆ. ಆದರೆ ಮೊದಲೇ ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ, ವಿಷಯವೇ ತಪ್ಪು. ಜನ ಗಮನಿಸುತ್ತಾರೆ. ಬೋರ್ಡ್ ಓದುತ್ತಾರೆ. ಆಮೇಲೆ ಬೋರ್ಡ್ ಹಾಕಿದವರನ್ನೂ ಓದುತ್ತಾರೆ. ಎರಡೂ ತಾಳೆಯಾಗದಿದ್ದರೆ ನಕ್ಕು ಮುಂದೆ ಹೋಗುತ್ತಾರೆ.

ಇದನ್ನು ನನಗೆ ಕಲಿಸಿದ್ದು ಒಬ್ಬ ಅಜ್ಜಿ. ನಾನು ಆರೋಗ್ಯ ಶಿಕ್ಷಣದ ಕೆಲಸ ಮಾಡಿ ನಿವೃತ್ತನಾದವನು. ಅಂದರೆ ಗೋಡೆ ಬರೆಸುವವನು, ಕರಪತ್ರ ಹಂಚುವವನು, ಜಾತ್ರೆಯಲ್ಲಿ ಮೈಕ್ ಹಿಡಿದು ಗಂಟಲು ಹರಿದುಕೊಳ್ಳುವವನು. 2000ದ ಆಸುಪಾಸಿನಲ್ಲಿ 'ಮನೆಗೊಂದು ಶೌಚಾಲಯ' ಅಂತ ಗೋಡೆ ಬರೆಸುತ್ತಿದ್ದೆವು. ಊರಿನ ಹೆಸರು ಬೇಡ. ರಸ್ತೆಗೆ ಎದುರಾಗಿ ಒಂದು ಒಳ್ಳೆಯ ಗೋಡೆ ಕಣ್ಣಿಗೆ ಬಿತ್ತು. ಗೋಡೆ ನೋಡಿದರೆ ನಮಗೆ ಹೆಣ್ಣು ನೋಡಲು ಹೋದಷ್ಟು ಖುಷಿ. ಪೇಂಟರ್ ಏಣಿ ಇಟ್ಟ. ಒಳಗಿಂದ ಅಜ್ಜಿ ಬಂದರು.

'ಏನಪ್ಪಾ ಬರೀತೀರಿ?' ಅಂದರು. ಹೇಳಿದೆ. 'ಬರೀರಿ, ಬೇಡ ಅನ್ನಲ್ಲ. ಮೊದಲು ಗೋಡೆಗೆ ಸುಣ್ಣ ಹೊಡೆದು ಬರೀರಿ' ಅಂದರು. ನ್ಯಾಯವಾದ ಮಾತು. ಪೇಂಟರ್ ಮುಖ ಸಿಂಡರಿಸಿಕೊಂಡೇ ಸುಣ್ಣ ಹೊಡೆದ. ಅದು ಒಣಗುವವರೆಗೆ ಜಗಲಿ ಮೇಲೆ ಕೂತೆವು. ಅಜ್ಜಿ ಮಜ್ಜಿಗೆ ಕೊಟ್ಟರು. ನಾನೂ ಸುಮ್ನೆ ಕೂರುವವನಲ್ಲ. ಜಂತುಹುಳ, ವಾಂತಿಭೇದಿ, ಹೆಣ್ಣುಮಕ್ಕಳ ಮಾನ, ಎಲ್ಲ ಹೇಳಿದೆ. ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಾ ಹೂಂ ಅನ್ನುತ್ತಿದ್ದರು. ಕೊನೆಗೆ ಕೇಳಿದರು, 'ಅಲ್ಲ ಕಣಪ್ಪಾ, ನಿಮ್ಮ ಆಸ್ಪತ್ರೇಲಿ ಕಕ್ಕಸು ಐತಾ?'

ಇದೆಯಲ್ಲ ಅಜ್ಜಿ, ಅಂದೆ.

'ಐತೆ. ಬೀಗ ಹಾಕೈತೆ. ನನ್ನ ಸೊಸೆ ಹೆರಿಗೆಗೆ ಅಂತ ಮೂರು ದಿನ ಅಲ್ಲಿದ್ಲು. ಹಸಿ ಬಾಣಂತೀನ ಕೈ ಹಿಡ್ಕೊಂಡು ನಾನೇ ಹಿಂದಿನ ಹೊಲಕ್ಕೆ ಕರ್ಕೊಂಡು ಹೋಗ್ತಿದ್ದೆ. ಈಗ ನನ್ನ ಗೋಡೆ ಮೇಲೆ ಬರೆಯಕ್ಕೆ ಬಂದಿದ್ದೀಯ.'

ಪೇಂಟರ್ ನನ್ನ ಮುಖ ನೋಡಿದ. ನಾನು ಮಜ್ಜಿಗೆ ಲೋಟ ನೋಡಿದೆ. ಬೀಗ ಹಾಕಿದ್ದು ನಿಜ, ನೀರಿರಲಿಲ್ಲ. ಅದು ನನಗೂ ಗೊತ್ತಿತ್ತು. ಅಜ್ಜಿ ಬರೆಯಲು ಬಿಟ್ಟರು, ದೊಡ್ಡ ಮನಸ್ಸು. ಮುಂದಿನ ವರ್ಷ ಹೋದಾಗ ನಮ್ಮ ಘೋಷಣೆಯ ಮೇಲೆ ಬೆರಣಿ ತಟ್ಟಿದ್ದರು. 'ಮನೆಗೊಂದು' ಅಷ್ಟೇ ಕಾಣುತ್ತಿತ್ತು. (ನಗಬೇಡಿ, ಆ ಬರಹಕ್ಕೆ ನಾನು ಬಿಲ್ ಹಾಕಿದ್ದೆ.)

ಅಜ್ಜಿಗೆ ತಿಳಿವಳಿಕೆಯ ಕೊರತೆ ಇತ್ತಾ? ನಮ್ಮ ಪ್ರತಿ ಸಭೆಯಲ್ಲೂ ಅದೇ ಮಾತು ಬರುತ್ತಿತ್ತು, 'ಜನರಲ್ಲಿ ಅರಿವಿನ ಕೊರತೆ' ಅಂತ. ಕೊರತೆ ಇದ್ದದ್ದು ನೀರಿನದ್ದು.

ಇನ್ನು ನಿಮ್ಮ ಊರಿಗೇ ಬರುತ್ತೇನೆ. ಬೆಳಗ್ಗೆ ಹುಣಸೂರಿಗೆ ಬರುವಾಗ ದಾರಿಯುದ್ದಕ್ಕೂ ಹೊಗೆಸೊಪ್ಪು ಹದ ಮಾಡುವ ಬ್ಯಾರನ್‌ಗಳಲ್ಲಿ ಹೊಗೆ ಏಳುತ್ತಿತ್ತು. ಇಲ್ಲಿ ಕೂತಿರುವ ಅರ್ಧ ಮಕ್ಕಳ ಕಾಲೇಜು ಫೀಸು ಆ ಹೊಗೆಸೊಪ್ಪಿನದ್ದು, ಅಲ್ವಾ? ತಂಬಾಕು ಮಂಡಳಿ ಸರ್ಕಾರದ್ದು. ಹರಾಜು ಮಾರುಕಟ್ಟೆ ಮಂಡಳಿಯದ್ದು. 'ತಂಬಾಕು ತ್ಯಜಿಸಿ' ಅಂತ ಬರೆಸುವುದೂ ಸರ್ಕಾರವೇ. ರೈತನಿಗೆ ಎರಡೂ ಕಾಣುತ್ತವೆ. ಹಾಗಂತ ತಂಬಾಕಿನ ಜಾಹೀರಾತು ಸುಳ್ಳು ಹೇಳುತ್ತಿದೆ ಅಂತಲ್ಲ. ಬಾಯಿ ಕ್ಯಾನ್ಸರ್ ನಿಜ, ನಾನು ನೋಡಿದ್ದೇನೆ, ಹತ್ತಿರದಿಂದ.

2016ರ ಏಪ್ರಿಲ್‌ನಿಂದ ಸಿಗರೇಟ್ ಪ್ಯಾಕಿನ ಎರಡೂ ಬದಿಯಲ್ಲಿ 85% ಜಾಗಕ್ಕೆ ಎಚ್ಚರಿಕೆಯ ಚಿತ್ರ ಬಂತು. ಒಳ್ಳೆಯ ಕೆಲಸ. ಆದರೆ ನಮ್ಮವರು ಪ್ಯಾಕ್ ಎಲ್ಲಿ ಕೊಳ್ಳುತ್ತಾರೆ? ಒಂದು ಟೀ, ಒಂದು ಸಿಗರೇಟು. ಚಿತ್ರ ಪೆಟ್ಟಿಗೆ ಅಂಗಡಿಯವನ ಹತ್ತಿರ ಉಳಿಯಿತು, ಹೊಗೆ ನಮ್ಮ ಹತ್ತಿರ ಬಂತು. 2017ರಲ್ಲಿ ಬಿಡಿ ಸಿಗರೇಟು ಮಾರಬಾರದು ಅಂತ ನಮ್ಮ ರಾಜ್ಯ ಆದೇಶ ಹೊರಡಿಸಿತು. ಆದೇಶವೂ ಇದೆ, ಬಿಡಿ ಸಿಗರೇಟೂ ಇದೆ. 2013ರಲ್ಲಿ ಗುಟ್ಕಾ ನಿಷೇಧ ಆಯಿತು. ಮರುದಿನದಿಂದ ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ. ಕಲಸಿಕೊಳ್ಳುವ ಕೆಲಸ ಗಿರಾಕಿಗೆ ಬಂತು, ಅಷ್ಟೇ.

ಥಿಯೇಟರಿನಲ್ಲಿ ತಂಬಾಕು ವಿರೋಧಿ ಜಾಹೀರಾತು 'ಈ ನಗರಕ್ಕೆ ಏನಾಗಿದೆ' ಅಂದ ಕೂಡಲೇ ಹುಡುಗರೆಲ್ಲ ಜೊತೆಗೇ ಡೈಲಾಗ್ ಹೊಡೆಯುತ್ತಿದ್ದರಲ್ಲ, ಅದು ಅವಮಾನವಲ್ಲ ಅಂತ ನನ್ನ ಅಭಿಪ್ರಾಯ. ಬಾಯಿಪಾಠ ಆಗಿದೆ! ಯಾವ ಮೇಷ್ಟ್ರಿಗೆ ಆ ಭಾಗ್ಯ ಇದೆ? ತೊಂದರೆ ಇರುವುದು ಮಧ್ಯಂತರದಲ್ಲಿ. ಅದೇ ಪರದೆ ಮೇಲೆ ದೊಡ್ಡ ದೊಡ್ಡ ನಟರು ಏಲಕ್ಕಿ ಹೆಸರಿನಲ್ಲಿ ಪಾನ್ ಮಸಾಲದ ಬ್ರ್ಯಾಂಡನ್ನೇ ನೆನಪಿಸಿ ಹೋಗುತ್ತಾರೆ.

ಅಮಿತಾಭ್ ಬಚ್ಚನ್ ವಿಷಯ ನೆನಪಿದೆಯಾ? ಪೋಲಿಯೊ ಎರಡು ಹನಿ ಅಂದರೆ ಅವರದೇ ಮುಖ. 2021ರಲ್ಲಿ ಅವರು ಪಾನ್ ಮಸಾಲ ಬ್ರ್ಯಾಂಡೊಂದರ ಜಾಹೀರಾತಿನಲ್ಲಿ ಬಂದರು. ಪೋಲಿಯೊ ರಾಯಭಾರಿ ಇದರಲ್ಲಿರುವುದೇ ಅಂತ ತಂಬಾಕು ವಿರೋಧಿ ಸಂಘಟನೆಯವರು ಕೇಳಿದರು. ಅಕ್ಟೋಬರಿನಲ್ಲಿ ಅವರು ಹಿಂದೆ ಸರಿದರು, ದುಡ್ಡೂ ವಾಪಸ್ ಕೊಟ್ಟರು. ನಮ್ಮ ಅಜ್ಜಿ ಕೇಳಿದ್ದೂ ಇದನ್ನೇ ತಾನೇ?

ಪೋಲಿಯೊ ಅಂದೆ. 1995ರಲ್ಲಿ ಪಲ್ಸ್ ಪೋಲಿಯೊ ಶುರುವಾಯಿತು. ಉತ್ತರ ಪ್ರದೇಶದ ಕೆಲವು ಕಡೆ ಜನ ಬಾಗಿಲು ಹಾಕಿಕೊಂಡರು. ವದಂತಿ ಇತ್ತು, ನಿಜ. ಆದರೆ ಪ್ರಶ್ನೆಯೂ ಇತ್ತು. ಜ್ವರ ಬಂದರೆ ಮಾತ್ರೆ ಸಿಗುವುದಿಲ್ಲ, ಚರಂಡಿ ಇಲ್ಲ, ಈ ಎರಡು ಹನಿ ಮಾತ್ರ ಯಾಕೆ ಮತ್ತೆ ಮತ್ತೆ ಮನೆ ಬಾಗಿಲಿಗೆ ಬರುತ್ತಿದೆ? ಪೋಸ್ಟರ್ ಜಾಸ್ತಿ ಅಂಟಿಸಿದ್ದರಿಂದ ಆ ಬಾಗಿಲು ತೆರೆಯಲಿಲ್ಲ. ಅದೇ ಬೀದಿಯ ಹೆಣ್ಣುಮಕ್ಕಳು, ಮಸೀದಿಯ ಇಮಾಮರು ಬಂದು ನಿಂತ ಮೇಲೆ ತೆರೆಯಿತು. ದೇಶದ ಕೊನೆಯ ಪ್ರಕರಣ 2011ರ ಜನವರಿ, ಹೌರಾದಲ್ಲಿ. 2014ರ ಮಾರ್ಚ್‌ನಲ್ಲಿ ಪ್ರಮಾಣಪತ್ರ ಬಂತು. ಹನಿ ಹಾಕಿದ ಗುರುತಿಗೆ ಸೀಮೆಸುಣ್ಣದಲ್ಲಿ ಮನೆ ಬಾಗಿಲಿಗೆ 'ಪಿ' ಬರೆದವರಲ್ಲಿ ನಾನೂ ಒಬ್ಬ ಅನ್ನುವ ಜಂಬ ನನಗಿನ್ನೂ ಇದೆ.

ಓ, ಚೀಟಿ ಬಂತು. ಏಳು ನಿಮಿಷ ಅಂತೆ. ಮೂರು ಅಂಶ ಉಳಿದಿವೆ. ಓಡಿಸುತ್ತೇನೆ.

ಕುಟುಂಬ ಯೋಜನೆ. ನಮ್ಮ ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆದಿತ್ತು. ಆಮೇಲೆ ದೇಶಕ್ಕೆಲ್ಲ ಕೆಂಪು ತ್ರಿಕೋನ ಬಂತು. ಅಕ್ಷರ ಬೇಡ, ನೋಡಿದರೆ ಸಾಕು. ಅಷ್ಟು ಚೆಂದದ ಗುರುತು ಇನ್ನೊಂದಿಲ್ಲ. ತುರ್ತುಪರಿಸ್ಥಿತಿಯಲ್ಲಿ ಅದೇ ತ್ರಿಕೋನದ ಹಿಂದೆ ಸಂತಾನಹರಣ ಆಪರೇಷನ್ನಿನ ಗುರಿ, ಒತ್ತಾಯ, ಸಂಬಳ ತಡೆಯುವ ಬೆದರಿಕೆ ಬಂದು ಕೂತವು. ತ್ರಿಕೋನ ಬದಲಾಗಲಿಲ್ಲ, ಜನ ಅದನ್ನು ನೋಡುವ ಕಣ್ಣು ಬದಲಾಯಿತು. 1977ರಲ್ಲಿ ಹೆಸರನ್ನೇ 'ಕುಟುಂಬ ಕಲ್ಯಾಣ' ಅಂತ ಬದಲಿಸಬೇಕಾಯಿತು. ಇದಕ್ಕೆ ಒಂದು ಗಂಟೆ ಬೇಕು, ಬಿಡಿ.

ಕೊರೊನಾ. 2020ರಲ್ಲಿ ಫೋನ್ ಮಾಡಿದರೆ ಮೊದಲು ಕೆಮ್ಮು ಕೇಳಿಸುತ್ತಿತ್ತು. ನಮ್ಮ ಮಾವನವರು 'ಯಾರೋ ಪಾಪ ಹುಷಾರಿಲ್ಲ' ಅಂತ ಇಟ್ಟುಬಿಡುತ್ತಿದ್ದರು. 2021ರ ಮೇ ತಿಂಗಳಲ್ಲಿ ಲಸಿಕೆ ಹಾಕಿಸಿಕೊಳ್ಳಿ ಅಂತ ಫೋನು ಹೇಳುತ್ತಿತ್ತು, ಹೋದರೆ ಲಸಿಕೆ ಇರುತ್ತಿರಲಿಲ್ಲ. ಲಸಿಕೆಯೇ ಸಾಕಷ್ಟಿಲ್ಲದೆ ಈ ಕಿರಿಕಿರಿಯ ಸಂದೇಶ ಯಾಕೆ ಅಂತ ದೆಹಲಿ ಹೈಕೋರ್ಟ್ ಕೇಂದ್ರವನ್ನು ತರಾಟೆಗೆ ತೆಗೆದುಕೊಂಡಿತು. ಹೈಕೋರ್ಟಿಗೂ ನಮ್ಮ ಅಜ್ಜಿಗೂ ಒಂದೇ ಸಿಟ್ಟು.

ಮತದಾನ. 2019ರಲ್ಲಿ ನಮ್ಮ ರಾಜ್ಯದ ರಾಯಭಾರಿ ಕ್ರಿಕೆಟಿನ 'ಗೋಡೆ' ರಾಹುಲ್ ದ್ರಾವಿಡ್. ಮನೆ ಬದಲಿಸಿದ್ದರಿಂದ ಹಳೆಯ ಪಟ್ಟಿಯಿಂದ ಹೆಸರು ಹೋಗಿತ್ತು, ಹೊಸದಕ್ಕೆ ಸಮಯಕ್ಕೆ ಸೇರಿರಲಿಲ್ಲ. ಮತ ಹಾಕಿ ಅಂದ ದ್ರಾವಿಡ್‌ಗೇ ಮತ ಹಾಕಲು ಆಗಲಿಲ್ಲ! ಗೋಡೆಗೇ ಗೂಟ ಬಿತ್ತು. ಬೆಂಗಳೂರಿನವರನ್ನು ಸೋಮಾರಿಗಳು ಅಂತ ಬೈಯುವ ಮುಂಚೆ ಪಟ್ಟಿ ಒಂದು ಸಲ ನೋಡಿ.

ಎರಡೇ ನಿಮಿಷ, ನೇತ್ರದಾನ. ರಾಜ್‌ಕುಮಾರ್ 1994ರಲ್ಲಿ ನೇತ್ರ ಬ್ಯಾಂಕ್ ಉದ್ಘಾಟನೆಗೆ ಹೋದಾಗ ಮನೆಯವರೆಲ್ಲರ ಕಣ್ಣು ದಾನ ಅಂತ ಮಾತು ಕೊಟ್ಟರು. 2006ರಲ್ಲಿ ಅವರ ಕಣ್ಣು ಕೊಟ್ಟರು. 2017ರಲ್ಲಿ ಪಾರ್ವತಮ್ಮನವರದ್ದು. 2021ರ ಅಕ್ಟೋಬರ್ 29ರಂದು ಅಪ್ಪು. ಕಾರ್ನಿಯಾವನ್ನು, ಅಂದರೆ ಕಣ್ಣಿನ ಮುಂದಿನ ಗಾಜಿನಂಥ ಭಾಗವನ್ನು, ಮೇಲಿನ ಪದರ, ಒಳಗಿನ ಪದರ ಅಂತ ಬಿಡಿಸಿ, ಎರಡು ಕಣ್ಣಿನಿಂದ ನಾಲ್ಕು ಜನರಿಗೆ ದೃಷ್ಟಿ ಕೊಟ್ಟರು. ಆಮೇಲೆ ರಾಜ್ಯದಲ್ಲಿ ನೇತ್ರದಾನದ ಫಾರಂಗೆ ಜನ ಮುಗಿಬಿದ್ದರು. ಯಾರೂ ಪೋಸ್ಟರ್ ಅಂಟಿಸಿರಲಿಲ್ಲ.

ಆ ವಾರ ನನ್ನ ಹೆಂಡತಿ ಕೇಳಿದಳು, 'ಇಷ್ಟು ವರ್ಷ ಭಾಷಣ ಮಾಡಿದ್ರಲ್ಲ, ನಿಮ್ಮದು ಎಲ್ಲಿದೆ ಫಾರಂ?' ಇರಲಿಲ್ಲ. ಊರಿಗೆಲ್ಲ ಹಂಚಿದ್ದೆ, ನಾನು ತುಂಬಿರಲಿಲ್ಲ. ಮರುದಿನ ಇಬ್ಬರೂ ಹೋಗಿ ತುಂಬಿ ಬಂದೆವು.

ಫಾರಂ ಹೊರಗೆ ಮೇಜಿನ ಮೇಲಿದೆ. ತುಂಬಿದರೆ ಸಾಲದು, ಮನೆಯಲ್ಲಿ ಹೇಳಿ. ನೀವು ಹೋದ ಮೇಲೆ ನೇತ್ರ ಬ್ಯಾಂಕಿಗೆ ಫೋನ್ ಮಾಡಬೇಕಾದವರು ಅವರು. ಜೀವ ಹೋದ ಆರು ತಾಸಿನೊಳಗೆ ಕಣ್ಣು ತೆಗೆಯಬೇಕು. ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಬೇಕು. ಕನ್ನಡಕ ಹಾಕುವವರೂ ಕೊಡಬಹುದು, ಸಕ್ಕರೆ ಕಾಯಿಲೆ ಇದ್ದವರೂ ಕೊಡಬಹುದು. ಪೆನ್ನು ಎರಡೇ ಇವೆಯಂತೆ, ವಾಪಸ್ ಕೊಡಿ. ನಮಸ್ಕಾರ.