ತೋಳಿನ ಚರ್ಮ ಹೊತ್ತ ಕಾಲು

ಕೇಳುಗರಿಗೆ ನಮಸ್ಕಾರ.

ಇವತ್ತು ಒಂದು ಕಾಲಿನ ಬಗ್ಗೆ ಮಾತಾಡೋಣ ಅಂತ ಬಂದಿದ್ದೇನೆ. ಬಲಗಾಲು. ಸ್ಪೇನ್ ದೇಶದ ಒಬ್ಬ ಫುಟ್‌ಬಾಲ್ ಆಟಗಾರನದು. ಆ ಕಾಲಿನ ಹಿಮ್ಮಡಿಯ ಹತ್ತಿರ ಹಚ್ಚೆಯ ಒಂದು ತುಂಡು ಇದೆ. ಮಿಕ್ಕಿದ ತುಂಡು ಎಡಗೈಯ ಮೇಲಿದೆ. ಎರಡನ್ನೂ ಸೇರಿಸಿದರೆ ಅವನ ಮಗಳ ಹೆಸರು. ಒಂದೇ ಹೆಸರು ಕೈಗೂ ಕಾಲಿಗೂ ಹಂಚಿಹೋದದ್ದು ಹೇಗೆ? ಹೇಳುತ್ತೇನೆ, ಸ್ವಲ್ಪ ತಾಳಿ.

ಆಟಗಾರನ ಹೆಸರು ಸಾಂಟಿ ಕಝೋರ್ಲಾ. ಸ್ಪೇನ್‌ನವರ ಬಾಯಲ್ಲಿ ಅದು ‘ಕಥೋರ್ಲಾ’ ಅಂತ ಕೇಳಿಸುತ್ತೆ. ನಾವು ಕಝೋರ್ಲಾ ಅಂತಲೇ ಅನ್ನೋಣ. ಏಕವಚನದಲ್ಲಿ ಕರೆಯುತ್ತಿದ್ದೇನೆ ಅಂತ ತಪ್ಪು ತಿಳಿಯಬೇಡಿ. ಮೆಚ್ಚಿದ ಆಟಗಾರನನ್ನು ನಾವು ಹಾಗೇ ಅಲ್ವಾ ಕರೆಯೋದು?

ಸ್ಪೇನ್ ಅಂದರೆ ನಮಗೆ ಬಿಸಿಲು, ಕಡಲತೀರ ನೆನಪಾಗುತ್ತೆ. ಸಾಂಟಿಯ ಊರಿರುವ ಆಸ್ಟೂರಿಯಾಸ್ ಬೇರೆಯದೇ ಸ್ಪೇನ್. ದೇಶದ ಉತ್ತರದ ಅಂಚು. ಮಳೆ ಜಾಸ್ತಿ, ಬೆಟ್ಟ ಜಾಸ್ತಿ, ಎಲ್ಲೆಲ್ಲೂ ಹಸಿರು. ಒಂದು ಕಾಲಕ್ಕೆ ಕಲ್ಲಿದ್ದಲ ಗಣಿಗಳ ನಾಡು. ಅದರ ರಾಜಧಾನಿ ಒವಿಯೇಡೊ. ಪಕ್ಕದಲ್ಲೇ ಇರುವ ಯಾನೇರಾ ಅನ್ನುವ ಕಡೆ 1984ರ ಡಿಸೆಂಬರ್ 13ರಂದು ಸಾಂಟಿ ಹುಟ್ಟಿದ. ಹುಡುಗ ಎತ್ತರ ಬೆಳೆಯಲೇ ಇಲ್ಲ. ಈಗಲೂ ಐದು ಅಡಿ ಆರು ಅಂಗುಲ, ಅಷ್ಟೇ. ಆದರೆ ಚೆಂಡು ಅವನ ಕಾಲಿಗೆ ಅಂಟಿಕೊಂಡ ಹಾಗೆ ಇರುತ್ತಿತ್ತು. ರಿಯಲ್ ಒವಿಯೇಡೊ ಕ್ಲಬ್‌ನ ಹುಡುಗರ ತಂಡಗಳಲ್ಲಿ ಆಡಿ ಬೆಳೆದ. ಊರಿನ ದೊಡ್ಡ ತಂಡದ ನೀಲಿ ಅಂಗಿ ತೊಡಬೇಕು ಅನ್ನೋದು ಅಲ್ಲಿನ ಪ್ರತಿ ಹುಡುಗನ ಆಸೆ.

ಅದು ಕೈಗೂಡಲಿಲ್ಲ. 2003ರಲ್ಲಿ ಕ್ಲಬ್ ಸಾಲದಲ್ಲಿ ಮುಳುಗಿತು. ಆಟಗಾರರಿಗೆ ಸಂಬಳ ಕೊಡಲೂ ದುಡ್ಡಿರಲಿಲ್ಲ. ಎರಡನೇ ದರ್ಜೆಯಿಂದ ಹೇಗೂ ಕೆಳಗಿಳಿದಿತ್ತು. ಸಂಬಳ ಬಾಕಿ ಉಳಿಸಿಕೊಂಡದ್ದಕ್ಕೆ ಇನ್ನೂ ಒಂದು ಮೆಟ್ಟಿಲು ಕೆಳಕ್ಕೆ ತಳ್ಳಿದರು. ಒಮ್ಮೆಗೇ ನಾಲ್ಕನೇ ದರ್ಜೆ! ಇಂಥ ಮನೆಯಲ್ಲಿ ಮಕ್ಕಳನ್ನು ಇಟ್ಟುಕೊಳ್ಳೋದು ಹೇಗೆ? 18ರ ಸಾಂಟಿ ಗಂಟುಮೂಟೆ ಕಟ್ಟಿದ. ಊರಿನ ದೊಡ್ಡ ತಂಡದ ಪರವಾಗಿ ಒಂದೇ ಒಂದು ಪಂದ್ಯವನ್ನೂ ಆಡದೆ ಹೊರಟ. ಇದನ್ನು ನೆನಪಿಟ್ಟುಕೊಳ್ಳಿ.

ಹೋಗಿದ್ದು ವಿಯಾರಿಯಲ್‌ಗೆ. ಸ್ಪೇನ್‌ನ ಪೂರ್ವ ಕರಾವಳಿಯ ಕಡೆ ಟೈಲ್ಸ್ ಕಾರ್ಖಾನೆಗಳೂ ಕಿತ್ತಳೆ ತೋಟಗಳೂ ಇರುವ ಸಣ್ಣ ಪಟ್ಟಣ. ಇಡೀ ಊರಿನ ಜನಸಂಖ್ಯೆ 50,000ದ ಆಸುಪಾಸು. ಇಷ್ಟು ಚಿಕ್ಕ ಊರಿನ ತಂಡ ರಿಯಲ್ ಮ್ಯಾಡ್ರಿಡ್, ಬಾರ್ಸಿಲೋನಾಗಳ ಜೊತೆ ತೊಡೆ ತಟ್ಟಿ ನಿಂತಿತ್ತು. ಸಾಂಟಿ ಅಲ್ಲೇ ಪಳಗಿದ. ನಡುವೆ 2006–07ರಲ್ಲಿ ಒಂದು ವರ್ಷ ರೆಕ್ರಿಯಾಟಿವೊ ಡಿ ವೆಲ್ವಾ ತಂಡಕ್ಕೆ ಹೋದ. 1889ರಲ್ಲಿ ಹುಟ್ಟಿದ, ಸ್ಪೇನ್‌ನ ಅತ್ಯಂತ ಹಳೆಯ ಕ್ಲಬ್ ಅದು. ಆಗಷ್ಟೇ ಮೇಲಿನ ದರ್ಜೆಗೆ ಬಂದಿದ್ದ ತಂಡ ಆ ವರ್ಷ ಎಂಟನೇ ಸ್ಥಾನ ಹಿಡಿಯಿತು, ಮ್ಯಾಡ್ರಿಡ್‌ಗೆ ಹೋಗಿ ರಿಯಲ್ ತಂಡವನ್ನು 3–0 ಅಂತರದಲ್ಲಿ ಸೋಲಿಸಿಯೂ ಬಂತು. ‘ಡಾನ್ ಬಲೋನ್’ ಪತ್ರಿಕೆ ಆ ವರ್ಷದ ಅತ್ಯುತ್ತಮ ಸ್ಪೇನ್ ಆಟಗಾರ ಅಂತ ಸಾಂಟಿಯನ್ನೇ ಆರಿಸಿತು. ಅಂದಹಾಗೆ, ನಮ್ಮ ಬೆಂಗಳೂರು ಎಫ್‌ಸಿಯಲ್ಲಿ ಆಡಿ ಹೋದ ಡಿಮಾಸ್ ಡೆಲ್ಗಾಡೊ ನಿಮಗೆ ನೆನಪಿದ್ದಾನಾ? ಕಂಠೀರವದಲ್ಲಿ ನಡುಮೈದಾನದಲ್ಲಿ ನಿಂತು ನಿಧಾನಕ್ಕೆ ಪಾಸ್ ಹಂಚುತ್ತಿದ್ದನಲ್ಲ, ಅವನೇ. ಸಾಂಟಿ ಬಿಟ್ಟ ಎಷ್ಟೋ ವರ್ಷಗಳ ಮೇಲೆ ಅವನೂ ಅದೇ ವೆಲ್ವಾದಲ್ಲಿ ಆಡಿದವನು.

ಸಾಂಟಿಯ ಆಟ ಹೇಗಿತ್ತು? ರೇಡಿಯೋದಲ್ಲಿ ಆಟ ತೋರಿಸೋಕಾಗಲ್ಲ. ಆದರೂ ಪ್ರಯತ್ನ ಮಾಡುತ್ತೇನೆ. ಚೆಂಡು ಅವನ ಕಡೆ ಬರುತ್ತಿದೆ. ಬೆನ್ನ ಹಿಂದೆ ಅವನಿಗಿಂತ ಒಂದು ಅಡಿ ಎತ್ತರದ ಎದುರಾಳಿ, ಉಸಿರು ತಾಗುವಷ್ಟು ಹತ್ತಿರ. ಸಾಂಟಿ ಭುಜ ಎಡಕ್ಕೆ ಬಾಗಿಸುತ್ತಾನೆ. ಎದುರಾಳಿಯೂ ಎಡಕ್ಕೆ. ಅಷ್ಟರಲ್ಲಿ ಚೆಂಡು ಬಲಕ್ಕೆ ಹೋಗಿಯಾಯಿತು. ಮುಂದಿನ ಸಲ ಎದುರಾಳಿ ಹುಷಾರಾಗಿ ಬಲಕ್ಕೆ ಕಾಯುತ್ತಾನೆ, ಚೆಂಡು ಎಡಕ್ಕೆ ಹೋಗುತ್ತೆ. ಯಾಕೆಂದರೆ ಇವನಿಗೆ ಎರಡು ಕಾಲೂ ಒಂದೇ. ಮೈದಾನದ ಒಂದು ಮೂಲೆಯಿಂದ ಬಲಗಾಲಲ್ಲಿ ಕಾರ್ನರ್ ಹೊಡೆದರೆ, ಇನ್ನೊಂದು ಮೂಲೆಯಿಂದ ಎಡಗಾಲಲ್ಲಿ. ನೋಡುತ್ತಾ ಕೂತ ನಮಗೇ ಇವನು ಎಡಚನೋ ಬಲಚನೋ ತಿಳಿಯದೆ ತಲೆ ಕೆಡುತ್ತಿತ್ತು. ಇನ್ನು ಮೇಲೆ ಬಿದ್ದು ತಡೆಯಬೇಕಾದವನ ಪಾಡು ಕೇಳಬೇಕೇ? ಇಷ್ಟೆಲ್ಲ ಮಾಡುವಾಗಲೂ ಮುಖದಲ್ಲಿ ನಗು. ಶಾಲೆಗೆ ಚಕ್ಕರ್ ಹಾಕಿ ಗೋಲಿ ಆಡಲು ಬಂದ ಹುಡುಗನ ನಗು.

ಆದರೆ ಅವನು ಹುಟ್ಟಿದ ಕಾಲ ನೋಡಿ. ಸ್ಪೇನ್‌ನ ನಡುಮೈದಾನದಲ್ಲಿ ಆಗ ಜಾತ್ರೆಯಷ್ಟು ಜನ. ಶಾವಿ, ಇನಿಯೆಸ್ಟಾ, ಫ್ಯಾಬ್ರೆಗಾಸ್, ಸಿಲ್ವಾ, ಅಲೊನ್ಸೊ, ಬುಸ್ಕೆಟ್ಸ್. ಬೇರೆ ಯಾವ ದೇಶದಲ್ಲಿ ಹುಟ್ಟಿದ್ದರೂ ಸಾಂಟಿಗೆ ಕಾಯಂ ಜಾಗ ಸಿಗುತ್ತಿತ್ತು. ಇಲ್ಲಿ ಸಾಲಿನಲ್ಲಿ ನಿಲ್ಲಬೇಕು. ನಿಂತ, ಗೊಣಗದೆ ನಿಂತ. 2008ರ ಯೂರೋ ಕಪ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಇಟಲಿ ಎದುರು ಪೆನಾಲ್ಟಿ ಹೊಡೆಯುವ ಸರದಿ ಬಂದಾಗ ಎರಡನೆಯವನಾಗಿ ಬಂದು ಗೋಲು ಹೊಡೆದ. ಎದುರಿಗಿದ್ದ ಗೋಲ್‌ಕೀಪರ್ ಯಾರು ಅಂತೀರಿ, ಜಗತ್ತಿನ ದೊಡ್ಡ ಗೋಲ್‌ಕೀಪರ್‌ಗಳಲ್ಲಿ ಒಬ್ಬನಾದ ಬುಫಾನ್! ವಿಯೆನ್ನಾದ ಫೈನಲ್‌ನಲ್ಲಿ ಬದಲಿಯಾಗಿ ಇಳಿದ. ಸ್ಪೇನ್ ಗೆದ್ದಿತು. 2012ರ ಯೂರೋ ಗೆದ್ದ ತಂಡದಲ್ಲೂ ಇದ್ದ. ಇವೆರಡರ ನಡುವೆ 2010ರಲ್ಲಿ ಸ್ಪೇನ್ ವಿಶ್ವಕಪ್ ಗೆದ್ದಿತಲ್ಲ, ಆಗ ಮಾತ್ರ ಬೆನ್ನುನೋವಿನಿಂದಾಗಿ ತಂಡದಲ್ಲಿರಲಿಲ್ಲ. ಆ ಜಾತ್ರೆಯಲ್ಲೂ ದೇಶಕ್ಕಾಗಿ 81 ಪಂದ್ಯ ಆಡಿದ. ನನ್ನ ಪ್ರಕಾರ ಇದು ಸಣ್ಣ ಮಾತಲ್ಲ.

2011ರಲ್ಲಿ ಮಲಗಾ ಕ್ಲಬ್ ದೊಡ್ಡ ಮೊತ್ತ ಕೊಟ್ಟು ಕರೆಸಿಕೊಂಡಿತು. ಒಂದೇ ವರ್ಷ. ತಂಡ ನಾಲ್ಕನೇ ಸ್ಥಾನಕ್ಕೆ ಬಂದು ಯೂರೋಪಿನ ದೊಡ್ಡ ಕ್ಲಬ್‌ಗಳು ಆಡುವ ಚಾಂಪಿಯನ್ಸ್ ಲೀಗ್‌ಗೆ ಮೊದಲ ಸಲ ಅರ್ಹತೆ ಪಡೆಯಿತು, ಆಮೇಲೆ ಅಲ್ಲೂ ದುಡ್ಡಿನ ತಾಪತ್ರಯ. 2012ರ ಆಗಸ್ಟ್‌ನಲ್ಲಿ ಸಾಂಟಿ ಲಂಡನ್‌ನ ಆರ್ಸೆನಲ್ ಸೇರಿದ.

ಆರ್ಸೆನಲ್ ಆಗ ಒಂದು ಟ್ರೋಫಿ ಕಾಣದೆ ವರ್ಷಗಳೇ ಕಳೆದಿದ್ದವು. ನಾನು ಆ ತಂಡದ ಅಭಿಮಾನಿ, ಹಾಗಾಗಿ ಆ ಸಂಕಟ ನನಗೆ ಚೆನ್ನಾಗಿ ಗೊತ್ತು. 2014ರ ಮೇ 17, ವೆಂಬ್ಲಿಯಲ್ಲಿ ಎಫ್‌ಎ ಕಪ್ ಫೈನಲ್. ಎದುರಾಳಿ ಹಲ್ ಸಿಟಿ, ಅಂಥ ದೊಡ್ಡ ತಂಡವೇನಲ್ಲ. ಎಂಟು ನಿಮಿಷ ಆಗುವಷ್ಟರಲ್ಲಿ ಹಲ್ ಎರಡು ಗೋಲು ಹೊಡೆದಿತ್ತು. ಮೂರನೆಯದೂ ಆಗಿಬಿಡಬೇಕಿತ್ತು, ಗೆರೆಯ ಮೇಲಿಂದ ತಲೆಯಲ್ಲಿ ಹೊಡೆದು ತಪ್ಪಿಸಿದರು. ಟಿವಿ ಆರಿಸಿ ಮಲಗೋಣ ಅಂತ ನಾನು ರಿಮೋಟ್ ಹುಡುಕುತ್ತಿದ್ದೆ. ಅಷ್ಟರಲ್ಲಿ ಒಂದು ಫ್ರೀ ಕಿಕ್ ಸಿಕ್ಕಿತು. ಗೋಲ್‌ನಿಂದ ಸಾಕಷ್ಟು ದೂರ. ಸಾಂಟಿ ನಾಲ್ಕು ಹೆಜ್ಜೆ ಓಡಿ ಬಂದು ಹೊಡೆದ. ಚೆಂಡು ಗೋಡೆಯ ಹಾಗೆ ನಿಂತಿದ್ದವರ ಮೇಲಿಂದ ಹಾರಿ, ಬಾಗಿ, ಬಲೆಯ ಮೇಲ್ಮೂಲೆಗೆ ಹೋಗಿ ಬಿತ್ತು. 17ನೇ ನಿಮಿಷ. ರಿಮೋಟ್ ಹುಡುಕೋದು ಅಲ್ಲಿಗೆ ನಿಂತಿತು. ಕೊನೆಗೆ ಹೆಚ್ಚುವರಿ ಸಮಯದಲ್ಲಿ ಆರ್ಸೆನಲ್ 3–2ರಿಂದ ಗೆದ್ದಿತು. ಒಂಬತ್ತು ವರ್ಷಗಳ ಬರ ಮುಗಿಯಿತು. ಮರುವರ್ಷವೂ ಅದೇ ಕಪ್ ಗೆದ್ದರು.

ಈಗ ಕಾಲಿನ ವಿಷಯಕ್ಕೆ ಬರುತ್ತೇನೆ.

ನೀವು ಕೂತಲ್ಲೇ ಒಮ್ಮೆ ಹಿಮ್ಮಡಿಯ ಮೇಲ್ಭಾಗ ಮುಟ್ಟಿ ನೋಡಿ. ಹಗ್ಗದ ಹಾಗೆ ಬಿಗಿಯಾಗಿ ಏನೋ ಸಿಗುತ್ತೆ ಅಲ್ವಾ? ಆಡುಮಾತಲ್ಲಿ ನಾವು ನರ ಅನ್ನುತ್ತೇವೆ. ವೈದ್ಯರು ಅಕಿಲಿಸ್ ಟೆಂಡನ್ ಅನ್ನುತ್ತಾರೆ. ಮೀನಖಂಡವನ್ನು ಹಿಮ್ಮಡಿಗೆ ಕಟ್ಟಿರುವ ಹಗ್ಗ ಅದು. ಅದಿಲ್ಲದೆ ತುದಿಗಾಲಲ್ಲಿ ನಿಲ್ಲೋಕಾಗಲ್ಲ, ಓಡೋದಂತೂ ದೂರದ ಮಾತು.

2013ರಲ್ಲಿ ಚಿಲಿ ವಿರುದ್ಧದ ಪಂದ್ಯವೊಂದರಲ್ಲಿ ಸಾಂಟಿಯ ಆ ಕಾಲಿಗೆ ಏಟು ಬಿದ್ದಿತ್ತು. ನೋವು ಹೋಗಲೇ ಇಲ್ಲ. ಮೈ ಬಿಸಿಯಾಗಿರುವವರೆಗೆ ಆಡುತ್ತಿದ್ದ. ವಿರಾಮದಲ್ಲಿ ಕಾಲು ತಣ್ಣಗಾದರೆ ಅಳು ಬರುವಷ್ಟು ನೋವು. ಹಾಗೇ ಮೂರು ವರ್ಷ ಎಳೆದ. 2016ರ ಅಕ್ಟೋಬರ್ 19ರಂದು ಲುಡೊಗೊರೆಟ್ಸ್ ವಿರುದ್ಧ ಆರ್ಸೆನಲ್ 6–0ರಿಂದ ಗೆದ್ದ ರಾತ್ರಿ ಅವನು ಕುಂಟುತ್ತಾ ಹೊರಗೆ ಬಂದ. ಆ ಅಂಗಿಯಲ್ಲಿ ಅದೇ ಕೊನೆಯ ಪಂದ್ಯ.

ಆಪರೇಷನ್ ಮಾಡಿದರು. ಹೊಲಿಗೆ ಹಾಕಿದರು. ಗಾಯ ಮಾಯಲಿಲ್ಲ, ಮತ್ತೆ ಬಾಯಿ ಬಿಟ್ಟಿತು. ಮತ್ತೆ ಆಪರೇಷನ್. ಹೀಗೆ ಎಂಟಕ್ಕೆ ಕಡಿಮೆಯಿಲ್ಲ. ಒಳಗೆ ಸೋಂಕು ಸೇರಿಕೊಂಡಿತ್ತು. ಕಾಲು ಕೊಳೆಯಲು ಶುರುವಾಗಿತ್ತು. ಇಂಗ್ಲೆಂಡಿನ ವೈದ್ಯರು ಅವನಿಗೆ ಹೇಳಿದ್ದು ಇಷ್ಟು: ಮಗನ ಜೊತೆ ತೋಟದಲ್ಲಿ ಮತ್ತೆ ನಡೆದಾಡುವ ಹಾಗಾದರೆ ಅದಕ್ಕೇ ತೃಪ್ತಿಪಡು. ಮೂವತ್ತೆರಡು ವರ್ಷದ ಆಟಗಾರನಿಗೆ! ಆರ್ಸೆನಲ್‌ನ ಕೋಚ್ ಅರ್ಸೀನ್ ವೆಂಗರ್ ಕೂಡ ತಾನು ಕಂಡ ಗಾಯಗಳಲ್ಲೆಲ್ಲ ಇದೇ ಅತಿ ಕೆಟ್ಟದ್ದು ಅಂದರು.

2017ರಲ್ಲಿ ಸ್ಪೇನ್‌ನ ವಿಟೋರಿಯಾ ಊರಿನ ಮಿಕೆಲ್ ಸಾಂಚೆಸ್ ಅನ್ನುವ ವೈದ್ಯರ ಹತ್ತಿರ ಹೋದ. ಅವರು ಕಾಲು ಬಿಚ್ಚಿ ನೋಡಿದರೆ, ಆ ಹಗ್ಗದಲ್ಲಿ ಎಂಟು ಸೆಂಟಿಮೀಟರ್ ಇಲ್ಲವೇ ಇಲ್ಲ. ಬ್ಯಾಕ್ಟೀರಿಯಾ ತಿಂದು ಹಾಕಿತ್ತು. ನಿಮ್ಮ ನಾಲ್ಕು ಬೆರಳು ಜೋಡಿಸಿ ಹಿಡಿಯಿರಿ. ಹೆಚ್ಚುಕಡಿಮೆ ಅಷ್ಟು ಅಗಲ. ಅದನ್ನು ಮತ್ತೆ ಕಟ್ಟಿದರು. ಹಿಮ್ಮಡಿಯ ಮೇಲೆ ಮುಚ್ಚಲು ಚರ್ಮವೂ ಉಳಿದಿರಲಿಲ್ಲ, ಅದಕ್ಕೆ ಎಡಗೈಯಿಂದ ಒಂದು ತುಂಡು ಚರ್ಮ ತೆಗೆದು ಅಲ್ಲಿಗೆ ಹಚ್ಚಿದ್ದರು. ಆ ಚರ್ಮದ ಮೇಲೆಯೇ ಮಗಳ ಹೆಸರಿನ ಹಚ್ಚೆ ಇದ್ದದ್ದು. ಅರ್ಧ ಹೆಸರು ಕಾಲಿಗೆ ಇಳಿಯಿತು.

ಸಾಲಮಾಂಕಾದಲ್ಲಿ ತಿಂಗಳುಗಟ್ಟಲೆ ವ್ಯಾಯಾಮ ಮಾಡಿದ. ಸುಮ್ನೆ ನಿಲ್ಲೋದನ್ನೂ ಹೊಸದಾಗಿ ಕಲಿಯಬೇಕಿತ್ತು. 2018ರಲ್ಲಿ ಆರ್ಸೆನಲ್ ಜೊತೆಗಿನ ಕರಾರು ಮುಗಿಯಿತು. ಇಂಥ ಕಾಲಿನವನನ್ನು ಯಾರು ತಗೋತಾರೆ? ವಿಯಾರಿಯಲ್ ತಗೊಂಡಿತು. ಹದಿನೆಂಟರ ಹುಡುಗನನ್ನು ಕರೆದುಕೊಂಡಿದ್ದ ಅದೇ ವಿಯಾರಿಯಲ್. ಮೈದಾನದ ನಡುವೆ ಒಂದು ಖಾಲಿ ಗಾಜಿನ ಕೊಳವೆ ಇಟ್ಟರು. ಒಬ್ಬ ಜಾದೂಗಾರ ಕೈಯಾಡಿಸಿದ. ಕೊಳವೆಯಲ್ಲಿ ಹೊಗೆ ತುಂಬಿತು. ಹೊಗೆ ಸರಿದಾಗ ಒಳಗೆ ಸಾಂಟಿ, ಅದೇ ನಗು! ಈ ಥರದ ಆಡಂಬರ ನನಗೆ ಅಷ್ಟಾಗಿ ಹಿಡಿಸಲ್ಲ. ಆದರೆ ಇವನ ವಿಷಯದಲ್ಲಿ ಬೇರೆ ಏನು ಮಾಡಿದ್ದರೂ ಸಪ್ಪೆ ಅನ್ನಿಸುತ್ತಿತ್ತು.

2019ರ ಜನವರಿ 3. ರಿಯಲ್ ಮ್ಯಾಡ್ರಿಡ್ ಜೊತೆ 2–2 ಡ್ರಾ. ವಿಯಾರಿಯಲ್‌ನ ಎರಡೂ ಗೋಲು ಸಾಂಟಿಯವು. ಎರಡನೆಯದಂತೂ ತಲೆಯಿಂದ! ಮ್ಯಾಡ್ರಿಡ್‌ನ ಅಷ್ಟೆತ್ತರದ ಆಳುಗಳ ನಡುವೆ ಈ ಐದೂವರೆ ಅಡಿ ಮನುಷ್ಯ ಹಾರಿದ್ದ. ಯಾವ ಕಾಲಿನಿಂದ ನೆಲ ಒದ್ದು ಹಾರಿದನೋ ಅಂತ ನಾನು ಆ ವಿಡಿಯೋವನ್ನು ಎಷ್ಟು ಸಲ ಹಿಂದೆ ಮುಂದೆ ಮಾಡಿ ನೋಡಿದ್ದೇನೋ. ಅದೇ ವರ್ಷ ಸ್ಪೇನ್ ತಂಡಕ್ಕೂ ಮತ್ತೆ ಕರೆ ಬಂತು. ನವೆಂಬರ್‌ನಲ್ಲಿ ಮಾಲ್ಟಾ ವಿರುದ್ಧ ಒಂದು ಗೋಲನ್ನೂ ಹೊಡೆದ.

ಆಮೇಲೆ ಮೂರು ವರ್ಷ ಕತಾರ್‌ನ ಅಲ್ ಸದ್. ಅಲ್ಲಿ ಮೊದಲು ಕೋಚ್ ಆಗಿದ್ದವನು ಹಳೆಯ ಗೆಳೆಯ ಶಾವಿ. ಒಳ್ಳೆ ಸಂಬಳ, ಹಗುರ ಕೆಲಸ. ಹೆಚ್ಚಿನವರ ಕಥೆ ಅಲ್ಲಿಗೆ ಮುಗಿಯುತ್ತೆ.

ಈಗ ಒವಿಯೇಡೊಗೆ ವಾಪಸ್ ಹೋಗೋಣ. ಸಾಂಟಿ ಬಿಟ್ಟು ಬಂದ ಮೇಲೆ ಆ ಕ್ಲಬ್ ಸುಧಾರಿಸಲಿಲ್ಲ. 2012ರಲ್ಲಿ ಮುಚ್ಚಿಯೇ ಹೋಗುವ ಹಂತ. ಉಳಿಸಿಕೊಳ್ಳಲು ಷೇರು ಮಾರಾಟಕ್ಕಿಟ್ಟರು. ಒಂದಕ್ಕೆ 10 ಯೂರೋ 75 ಸೆಂಟ್. ಆ ಊರನ್ನು ಕಣ್ಣಿಂದಲೂ ನೋಡದ ಸಾವಿರಾರು ಜನ ಬೇರೆ ಬೇರೆ ದೇಶಗಳಿಂದ ಒಂದೊಂದು, ಎರಡೆರಡು ಕೊಂಡರು. ಅಲ್ಲೇ ಬೆಳೆದು ಹೊರಟುಹೋಗಿದ್ದ ಹುಡುಗರೂ ಕೊಂಡರು. ಹ್ವಾನ್ ಮಾಟಾ, ಮಿಚು, ಆಗಷ್ಟೇ ಲಂಡನ್‌ಗೆ ಬಂದಿದ್ದ ನಮ್ಮ ಸಾಂಟಿ. ಕ್ಲಬ್ ಬದುಕಿತು, ಆಮೇಲೆ ಎರಡನೇ ದರ್ಜೆಗೂ ಹತ್ತಿತು.

2023ರ ಆಗಸ್ಟ್‌ನಲ್ಲಿ ಸಾಂಟಿ ಅಲ್ಲಿಗೇ ಬಂದ. ವಯಸ್ಸು 38. ಪುಕ್ಕಟೆ ಆಡುತ್ತೇನೆ ಅಂದ. ಲೀಗ್‌ನ ನಿಯಮ ಹಾಗೆ ಬಿಡಲ್ಲ, ಕನಿಷ್ಠ ಸಂಬಳವನ್ನಾದರೂ ಕೊಡಲೇಬೇಕು. ಹಾಗಾದರೆ ಕನಿಷ್ಠವೇ ಸಾಕು. ನನ್ನ ಹೆಸರಿನ ಅಂಗಿಗಳು ಮಾರಾಟವಾದರೆ ಅದರಲ್ಲಿ ಶೇಕಡಾ 10 ಕ್ಲಬ್‌ನ ಮಕ್ಕಳ ತರಬೇತಿಗೆ ಹೋಗಲಿ ಅಂದ. ಇಪ್ಪತ್ತು ವರ್ಷ ತಡವಾಗಿ ನೀಲಿ ಅಂಗಿ ಮೈಗೆ ಬಂತು.

ಮೊದಲ ವರ್ಷವೇ ಮೇಲಿನ ದರ್ಜೆಯ ಬಾಗಿಲವರೆಗೆ ಹೋದರು. ಎಸ್ಪಾನ್ಯೋಲ್ ತಂಡ ಆ ಬಾಗಿಲು ಮುಚ್ಚಿತು. ಮರುವರ್ಷ, ಅಂದರೆ 2025ರ ಜೂನ್ 21, ಮತ್ತೆ ಪ್ಲೇ ಆಫ್ ಫೈನಲ್. ಎದುರಾಳಿ ಮಿರಾಂಡೆಸ್. ಈ ಫೈನಲ್ ಅಂದರೆ ಎರಡು ಪಂದ್ಯ, ಎರಡರ ಗೋಲುಗಳನ್ನೂ ಕೂಡಿಸಿ ನೋಡುತ್ತಾರೆ. ಮೊದಲನೆಯದರಲ್ಲಿ 0–1 ಸೋತಿದ್ದರು. ಎರಡನೆಯದು ತಮ್ಮದೇ ಮೈದಾನ ಕಾರ್ಲೋಸ್ ಟಾರ್ಟಿಯೇರೆಯಲ್ಲಿ. ನಮ್ಮಲ್ಲಿ ಮಧ್ಯರಾತ್ರಿ ದಾಟಿತ್ತು. ಮನೆಯವರಿಗೆ ಎಚ್ಚರವಾಗದ ಹಾಗೆ ಹೊದಿಕೆಯೊಳಗೆ ಫೋನ್ ಹಿಡಿದು ಸ್ಕೋರ್ ನೋಡುತ್ತಿದ್ದೆ. ಶುರುವಿನಲ್ಲೇ ಮಿರಾಂಡೆಸ್ ಗೋಲು. ಒಟ್ಟು ಎರಡು ಗೋಲು ಹಿಂದೆ. ಆಯ್ತು, ಈ ವರ್ಷವೂ ಇಷ್ಟೇ ಅಂದುಕೊಂಡೆ.

39ನೇ ನಿಮಿಷ, ಒವಿಯೇಡೊಗೆ ಪೆನಾಲ್ಟಿ. ಯಾರು ಹೊಡೀತಾರೆ? ಬೇರೆ ಯಾರು! ಆಗ ಅವನಿಗೆ ನಲವತ್ತು ತುಂಬಿ ಆರು ತಿಂಗಳಾಗಿತ್ತು. ಗೋಲು. ವಿರಾಮದ ನಂತರ ಇನ್ನೊಂದು. ಹೆಚ್ಚುವರಿ ಸಮಯದಲ್ಲಿ ಮೂರನೆಯದು. 3–1. ಇಪ್ಪತ್ತನಾಲ್ಕು ವರ್ಷಗಳ ಮೇಲೆ ಒವಿಯೇಡೊ ಮೊದಲ ದರ್ಜೆಗೆ ಬಂತು. ನಾನು ಹೊದಿಕೆಯಿಂದ ಎದ್ದು ಕೂತೆ. ಅಷ್ಟು ಹೊತ್ತಿನಲ್ಲಿ ಈ ಸುದ್ದಿಯನ್ನು ಯಾರಿಗೆ ಹೇಳೋದು? ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದು ಬಂದೆ.

ಕೆಲವು ದಿನಗಳಲ್ಲೇ ಹೊಸ ಋತುವಿನ ಪಂದ್ಯಗಳ ಪಟ್ಟಿ ಹೊರಬಿತ್ತು. ಸಾಂಟಿ ಇನ್ನೊಂದು ವರ್ಷಕ್ಕೆ ಸಹಿ ಹಾಕಿದ. ಒವಿಯೇಡೊದ ಮೊದಲ ಪಂದ್ಯ ಆಗಸ್ಟ್ 15ಕ್ಕೆ ಗೊತ್ತಾಗಿತ್ತು. ಎಲ್ಲಿ ಅಂತೀರಿ? ವಿಯಾರಿಯಲ್‌ನಲ್ಲಿ.

ನಮಸ್ಕಾರ.